ಠಕ್ ಎಂದ ಚಾಕು

ಮರುಳಸಿದ್ದಪ್ಪ ಚಾಕುವನ್ನು ಕಿವಿಯ ಹತ್ತಿರ ಹಿಡಿದು ಇನ್ನೊಂದು ಸಲ ಮಡಚಿದರು.

“ಕೇಳಿದ್ಯಾ?”

“ಕೇಳಿದೆ,” ಎಂದ ಧರ್ಮೇಶ.

“ಏನಂತು?”

“ಠಕ್ ಅಂತು.”

“ನಮ್ಮ ಜೋಡಿಮೀನು ಯಾವತ್ತಾದ್ರೂ ಠಕ್ ಅಂದಿದ್ದುಂಟಾ ಮಾರಾಯ?”

ಇರಲಿಲ್ಲ. ಜೋಡಿಮೀನು ಎಂಬ ಆ ಚಾಕು ಮುಚ್ಚುವಾಗ ಮೊದಲು ‘ಕಿರ್ರ್’ ಎಂದು ಗೊಣಗಿ, ಅರ್ಧಕ್ಕೆ ನಿಂತು ಯೋಚಿಸಿ, ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ‘ಟಪ್’ ಎನ್ನುತ್ತಿತ್ತು. ಊಟದ ಎಲೆ ಬಿಟ್ಟೇಳಲು ಒಪ್ಪದ ನೆಂಟನ ಹಾಗೆ. ಧರ್ಮೇಶನಿಗೆ ಅದು ಅಕ್ಷರಶಃ ಬಾಯಿಪಾಠ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಎಳೆದು ಅದೇ ಸದ್ದನ್ನು ಮಾಡಿ ತೋರಿಸಿದ. “ಇದು ಹಳೇದು. ಈಗಿಂದು ಬರೀ ಠಕ್. ಸಾವ್ಕಾರ್ರೇ, ಚಾಕು ತಾನೇ ಹೇಳ್ತಿದೆಯಲ್ಲ, ಇದರಲ್ಲಿ ಯಾರೋ ಠಕ್ಕ ಇದಾನೆ ಅಂತ.”

ಬೇರೆ ದಿನವಾಗಿದ್ದರೆ ಮರುಳಸಿದ್ದಪ್ಪ ನಗುತ್ತಿದ್ದರು. ಅಂದು ನಗಲಿಲ್ಲ.

ಎರಡು ಸಾವಿರದ ನಾಲ್ಕರ ನವರಾತ್ರಿ ಮುಗಿದು ಒಂದು ವಾರವಾಗಿತ್ತಷ್ಟೆ. ನರಸಿಂಹರಾಜಪುರದ ಪೇಟೆಯಲ್ಲಿ ಮರುಳಸಿದ್ದಪ್ಪನವರ ಹಾರ್ಡ್‌ವೇರ್ ಅಂಗಡಿ, ಅದರ ಬೆನ್ನಿಗೇ ಮನೆ. ಅಂಗಡಿಯ ತಕ್ಕಡಿ, ಹೊರಗೆ ನಿಲ್ಲಿಸಿದ ಸ್ಕೂಟರು, ಮನೆಯ ಬಾಗಿಲಿನ ಅಗುಳಿ, ಎಲ್ಲದರ ಹಣೆಯ ಮೇಲೂ ಆಯುಧಪೂಜೆಯ ವಿಭೂತಿ ಪಟ್ಟೆಗಳು ಇನ್ನೂ ಮಾಸಿರಲಿಲ್ಲ. ಹೆಂಡತಿ ವೀರಬಸಮ್ಮ ಹಬ್ಬ ಮುಗಿಸಿದ ಮಾರನೆಯ ದಿನವೇ ಬಾಳೆಹೊನ್ನೂರಿನ ತಮ್ಮನ ಮನೆಗೆ ಹೋಗಿದ್ದರು.

ಮರುಳಸಿದ್ದಪ್ಪನವರಿಗೆ ಹಳೆಯ ಮಡಚುವ ಚಾಕುಗಳ ಹುಚ್ಚು. ಹೆಸರೇ ಮರುಳು, ಇನ್ನು ಬೇರೆಯವರನ್ನು ದೂರಿ ಏನು ಪ್ರಯೋಜನ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಕಾಫಿ ತೋಟದ ದೊರೆಗಳು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಂಥವು, ಕಸಿ ಕಟ್ಟುವವು, ಪೆನ್ಸಿಲ್ ಹೆರೆಯುವವು, ಕುದುರೆಯ ಗೊರಸಿನ ಕಲ್ಲು ತೆಗೆಯುವ ಕೊಕ್ಕೆ ಇರುವಂಥವು, ಎಲ್ಲ ಅವರ ಗಾಜಿನ ಬೀರುವಿನಲ್ಲಿದ್ದವು. ಎಲ್ಲಕ್ಕೂ ಮಹಾರಾಜ ಜೋಡಿಮೀನು. ಅಲಗಿನ ಬುಡದಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಮೀನುಗಳ ಮುದ್ರೆ, ಹಿಡಿಗೆ ಕಡವೆಯ ಕೊಂಬು. ಮೇಗುಂದದ ಕಡೆಯ ಕಾಫಿ ತೋಟದ ಲೆಕ್ಕ ಬರೆಯುವ ರೈಟರೊಬ್ಬರ ಮೊಮ್ಮಗನಿಂದ ಬಂದದ್ದು. “ನಮ್ಮ ಕಾಡಿನ ಕೊಂಬು ದೊರೆಗಳ ಸೀಮೆಗೆ ಹೋಗಿ, ಚಾಕು ಹಿಡಿದುಕೊಂಡು ವಾಪಸ್ ಬಂದಿದೆ,” ಎಂದು ಅವರು ಹೇಳುವಾಗ ಕೊಂಬು ಚಾಕುವಿಗೋ ಅವರಿಗೋ ಎಂಬ ಅನುಮಾನ ಬರುತ್ತಿತ್ತು.

ಧರ್ಮೇಶ ಭಂಡಿಗಡಿಯವನು. ಬಿ.ಎ. ಮುಗಿಸಿ ಕೊಪ್ಪದ ಬಸ್‌ಸ್ಟ್ಯಾಂಡಿನೆದುರು ಎಸ್‌ಟಿಡಿ ಬೂತು ಇಟ್ಟಿದ್ದ. ‘ಧರ್ಮೇಶನ ಬೂತು, ಧರ್ಮಕ್ಕೆ ಮಾತಿಲ್ಲ’ ಎಂದು ಗಾಜಿನ ಮೇಲೆ ಬರೆಸಿದ್ದ. ದಿನವಿಡೀ ಆ ಗಾಜಿನ ಗೂಡಿನಲ್ಲಿ ಅರಚುವವರ ದನಿ ಕೇಳಿ ಕೇಳಿ ಅರ್ಧ ತಾಲ್ಲೂಕು ಅವನ ಗಂಟಲಲ್ಲೇ ವಾಸವಾಗಿತ್ತು. ಒಮ್ಮೆ ಕಂಡಕ್ಟರ್ ಜಟ್ಟಪ್ಪನ ದನಿಯಲ್ಲಿ “ರೈಟ್ ರೈಟ್” ಎಂದು ಕೂಗಿ, ಶೃಂಗೇರಿ ಬಸ್ಸನ್ನು ಜಟ್ಟಪ್ಪನಿಲ್ಲದೆಯೇ ಹೊರಡಿಸಿಬಿಟ್ಟಿದ್ದ. ಚಾಕು ನೋಡಲು ಬಂದವನು ಚಾಕುಗಳಿಗೂ ಒಂದೊಂದು ದನಿಯಿದೆ ಎಂದು ತಿಳಿದ ಮೇಲೆ ಎನ್.ಆರ್. ಪುರದ ಆ ಜಗಲಿ ಬಿಡಲಿಲ್ಲ. ಮರುಳಸಿದ್ದಪ್ಪ ಪಾಠ ಹೇಳಿಕೊಟ್ಟರು. ಅಲಗು ಅಲುಗಬಾರದು. ಹಳೇದು ಹೊಳೆಯಬಾರದು. ತುಕ್ಕು ಬೇರೆ, ವಯಸ್ಸಿನ ಕಪ್ಪು ಬೇರೆ. ತುಕ್ಕು ತೆಗೀಬಹುದು, ಕಪ್ಪು ತೆಗೆದರೆ ಪ್ರಾಣ ತೆಗೆದ ಹಾಗೆ.

ಈಗ ಅವರ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಎಂದರೆ ಭಯ. ಹಾಗಾಗಿ ಬೆರಳು, ಕಿವಿ ಎರಡರಲ್ಲೇ ಚಾಕು ನೋಡುತ್ತಿದ್ದರು. ಉಳಿದದ್ದಕ್ಕೆ ಧರ್ಮೇಶನ ಕಣ್ಣು.

“ಸರಿಯಾಗಿ ನೋಡು. ಏನು ಕಾಣ್ತದೆ ಹೇಳು.”

ಧರ್ಮೇಶ ಭೂತಕನ್ನಡಿ ಹಿಡಿದ. “ಕಪ್ಪು ಪೂರ್ತಿ ಹೋಗಿದೆ. ಮುದ್ರೆ ಇದೆ, ಆದ್ರೆ ಮೀನು ಈಗಷ್ಟೇ ಗಾಳಕ್ಕೆ ಸಿಕ್ಕಿದ ಹಾಗೆ ಹೊಳೀತಿದೆ. ಹಿಡಿ ಹಳೇದೇ ಇರ್ಬೇಕು, ಅಲಗು…” ಎಂದವನು ನಿಲ್ಲಿಸಿದ. ಅಲಗು ಹಿಡಿಯೊಳಗೆ ಹೋಗುವ ಸಂದಿಯಲ್ಲಿ, ಹಿತ್ತಾಳೆಯ ಅಂಚಿಗೆ ಅಂಟಿಕೊಂಡು, ಒಂದು ಎಳೆ ಕೆಂಪು.

“ಸಾವ್ಕಾರ್ರೇ, ಕೆಂಪು ಪುಡಿ.”

ಮರುಳಸಿದ್ದಪ್ಪ ಕುರ್ಚಿಗೆ ಒರಗಿದರು. ಅದೂ ಅವರೇ ಹೇಳಿಕೊಟ್ಟ ಪಾಠ. ನಕಲಿ ಮಾಡುವವರು ಹೊಸ ಅಲಗಿಗೆ ಕೆಂಪು ಪಾಲಿಶ್ ಪುಡಿ ಹಾಕಿ ಉಜ್ಜಿ ಹಳೆಯ ಹಿಡಿಗೆ ಕೂರಿಸುತ್ತಾರೆ. ಎಷ್ಟು ಒರೆಸಿದರೂ ಸಂದಿಯಲ್ಲಿ ಚೂರು ಉಳಿಯುತ್ತದೆ.

“ಇದು ಹೊರಗೆ ಹೋಗಿದ್ದು ಒಂದೇ ಸಲ,” ಎಂದರು ನಿಧಾನವಾಗಿ.

ಎಲ್ಲಿಗೆ ಎಂದು ಧರ್ಮೇಶನಿಗೆ ಗೊತ್ತಿತ್ತು. ಶೃಂಗೇರಿಯಲ್ಲಿ ಪೂಜಾ ಸಾಮಾನಿನ ಅಂಗಡಿ ಇಟ್ಟಿದ್ದ ಗಜಾನನ, ಮರುಳಸಿದ್ದಪ್ಪನವರ ಹಳೆಯ ಗೆಳೆಯ, ಚಾಕು ಬಲ್ಲವನು, ತನ್ನ ಹತ್ತಿರ ಬಂದ ಒಂದರ ಜೊತೆ ಹೋಲಿಸಿ ನೋಡುತ್ತೇನೆಂದು ಜೋಡಿಮೀನನ್ನು ಒಯ್ದಿದ್ದ. ಆಯುಧಪೂಜೆಯ ಹಿಂದಿನ ದಿನ ವಾಪಸು ತಂದುಕೊಟ್ಟ. ಅಂಗಡಿಯಲ್ಲಿ ಹಬ್ಬದ ಗಲಾಟೆ. ಬಟ್ಟೆಯಲ್ಲಿ ಸುತ್ತಿದ್ದನ್ನು ಬಿಚ್ಚದೆ ಜೇಬಿಗೆ ಹಾಕಿಕೊಂಡ ಮರುಳಸಿದ್ದಪ್ಪ ಮನೆಯ ಮೇಜಿನ ಮೇಲೆ ಇಟ್ಟು ಮರೆತರು. ಹಬ್ಬ ಮುಗಿದ ಮೇಲೆ ಬಟ್ಟೆ ಸಮೇತ ಪೆಟ್ಟಿಗೆಗೆ ಸೇರಿಸಿ ಬೀಗ ಹಾಕಿದರು. ತೆಗೆದದ್ದು ಇವತ್ತೇ.

“ಗಜಾನನಣ್ಣ ಹೊಸ ದೀಪ ಮಣ್ಣಲ್ಲಿ ಹೂತು ಹಳೇದು ಅಂತ ಮಾರ್ತಾರಂತೆ,” ಎಂದ ಧರ್ಮೇಶ. “ಹೊಸದನ್ನ ಹಳೇದು ಮಾಡೋ ಕೈಗೆ ಹಳೇದನ್ನ ಹೊಸದು ಮಾಡೋದು ಎಷ್ಟೊತ್ತು? ಕೆಂಪು ಪುಡಿಯಲ್ಲಿ ಸಿಕ್ಕಿಬಿದ್ದ ಪುಡಿಗಳ್ಳ!”

“ಬಾಯಿ ಮುಚ್ಚು.” ಮರುಳಸಿದ್ದಪ್ಪ ಚಾಕುವನ್ನು ಪೆಟ್ಟಿಗೆಗೆ ಹಾಕಿದರು, ಆದರೆ ಮುಚ್ಚಲಿಲ್ಲ. “ಚಾಕು ಹೋದ್ರೆ ಹೋಗ್ಲಿ, ಬೀರು ತುಂಬ ಇದಾವೆ. ನನಗೆ ಕಣ್ಣು ಹೋಗ್ತಾ ಇದೆ ಮಾರಾಯ. ಇವನ್ನ ಹೆಸರು ಹಿಡಿದು ಕರೆಯೋನು ಈ ಮೂರು ತಾಲ್ಲೂಕಲ್ಲಿ ಅವ ಒಬ್ಬನೇ. ಅವನೇ ಕದ್ದ ಅಂತಾದ್ರೆ ಇಷ್ಟನ್ನೂ ಇಟ್ಟುಕೊಂಡು ನಾನು ಯಾರಿಗೆ ತೋರಿಸ್ಲಿ?”

“ಕೇಳೇ ಬಿಡಿ ಹಾಗಾದ್ರೆ.”

“ಹೇಗೆ ಕೇಳೋದು? ಕೇಳಿದ ಮೇಲೆ ಅವ ಕದ್ದಿಲ್ಲ ಅಂದ್ರೂ ಹೋದ, ಕದ್ದೆ ಅಂದ್ರೂ ಹೋದ.” ಪೆಟ್ಟಿಗೆಯ ಮುಚ್ಚಳ ತಡವಿದರು. “ಆದ್ರೆ ಹೌದು ಅಂತ ಖಾತ್ರಿಯಾದ್ರೆ, ಈ ಜಗಲಿ ಹತ್ತಬೇಡ ಅಂತ ನಾನೇ ಹೇಳ್ತೀನಿ.”

ಖಾತ್ರಿ ಮಾಡಿಸುವ ಕೆಲಸ ತನಗೇ ಬಿತ್ತೆಂದು ಧರ್ಮೇಶ ತಾನೇ ನಿರ್ಧರಿಸಿಕೊಂಡ. ಯಾರೂ ಹೇಳಿರಲಿಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ ಬೂತಿನಲ್ಲಿ ಗಿರಾಕಿಗಳಿರಲಿಲ್ಲ. ಪಕ್ಕದಲ್ಲಿ ಹೂವು ಮಾರುವ ಕಮಲಕ್ಕ ಮಾತ್ರ ಸ್ಟೂಲಿನ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದಳು. ಧರ್ಮೇಶ ಗಾಜಿನ ಗೂಡಿಗೆ ಹೊಕ್ಕು ಬಾಗಿಲೆಳೆದುಕೊಂಡು ಶೃಂಗೇರಿಯ ಅಂಗಡಿಗೆ ಫೋನ್ ಮಾಡಿದ. ಗಂಟಲನ್ನು ಎರಡು ಮೆಟ್ಟಿಲು ಕೆಳಗಿಳಿಸಿ, ಮರುಳಸಿದ್ದಪ್ಪನವರ ಹಾಗೇ ಮೂಗಿನಲ್ಲಿ ಒಮ್ಮೆ ‘ಹ್ಞೂಂ’ ಎಂದು ರಾಗ ತೆಗೆದು ಶುರು ಮಾಡಿದ.

“ಹ್ಞೂಂ… ಗಜಾನನ, ನಾನು ಮಾರಾಯ.”

ಆ ಕಡೆ ಮೌನ. ಅಂಗಡಿಯ ಗಂಟೆಯನ್ನು ಯಾರೋ ಕೊಳ್ಳುವ ಮುಂಚೆ ಬಾರಿಸಿ ನೋಡುವುದು ಕೇಳಿಸಿತು.

“ಹೇಳಿ,” ಎಂದಿತು ಗಜಾನನನ ದನಿ, ತಡವಾಗಿ.

“ಜೋಡಿಮೀನಿನ ವಿಷಯ. ನೀ ಕೊಟ್ಟ ಮೇಲೆ ಅದು ಸ್ವಲ್ಪ…”

ಮತ್ತೆ ಮೌನ, ಮೊದಲಿಗಿಂತ ಉದ್ದ.

“ಆ ವಿಷಯ ಎಲ್ಲ ಫೋನಲ್ಲಿ ಬೇಡ. ನಾಳೆ ನಾನೇ ಬತ್ತೆ,” ಎಂದು ಗಜಾನನ ಫೋನ್ ಇಟ್ಟುಬಿಟ್ಟ.

ಧರ್ಮೇಶ ಹೊರಗೆ ಬಂದಾಗ ಮುಖ ಅರಳಿತ್ತು. ತಪ್ಪಿಲ್ಲದವನು ‘ಏನಾಯ್ತು’ ಅಂತ ಕೇಳುತ್ತಿದ್ದ. ಫೋನಲ್ಲಿ ಬೇಡವಂತೆ!

“ಒಳಗೆ ಒಬ್ನೇ ಹೋದೆ, ಮಾತಾಡಿದ್ದು ಯಾರೋ ಮುದುಕರು,” ಎಂದಳು ಕಮಲಕ್ಕ, ದಾರ ಕಚ್ಚಿ. “ಎಂತದು, ಬೂತೊಳಗೆ ಬೂತ ಹೊಕ್ಕಿತಾ?”

“ಬೂತ ಅಲ್ಲ ಕಮಲಕ್ಕ, ಭವಿಷ್ಯ.”

“ನಿಂದಾ?”

ಮರುದಿನ ಶೃಂಗೇರಿ ಬಸ್ಸಿನಿಂದ ಗಜಾನನ ಇಳಿದ. ಯಾವಾಗಲೂ ಬೂತಿಗೆ ಬಂದು, “ಯಾರಿದ್ದೀರೋ ಒಳಗೆ, ಧರ್ಮೇಶ ಇದ್ರೆ ಕಳಿಸಿ,” ಎಂದು ತಮಾಷೆ ಮಾಡಿ ಹೋಗುವವನು ಅಂದು ಈ ಕಡೆ ನೋಡದೆ ಎನ್.ಆರ್. ಪುರದ ಬಸ್ಸು ಹತ್ತಿದ. ಅಂಗಿಯ ಜೇಬು ಉಬ್ಬಿತ್ತು. ಒಳಗೆ ಕಾಗದದ ಪೊಟ್ಟಣ, ಬೆರಳುದ್ದ. ಧರ್ಮೇಶ ಎದ್ದೇ ನಿಂತ. ನಿಜವಾದ ಅಲಗು! ಭಯಬಿದ್ದು ವಾಪಸು ಇಡಲು ಹೊರಟಿದ್ದಾನೆ. ಬೂತನ್ನು ಕಮಲಕ್ಕನಿಗೆ ಒಪ್ಪಿಸಿ ಓಡಿ ಅವನ ಪಕ್ಕದಲ್ಲೇ ಕೂತ.

“ಎಂತ ಮಾಣಿ, ಈ ಬಸ್ಸಿಗೆ?”

“ಸಾವ್ಕಾರ್ರು ಬರಕ್ಕೆ ಹೇಳಿದ್ರು.” ಸುಳ್ಳು.

“ಹೌದಾ? ಫೋನ್ ಮಾಡಿದ್ರಾ?”

“ಹ್ಞೂಂ,” ಎಂದ ಧರ್ಮೇಶ. ನಿನ್ನೆಯ ರಾಗ ಇನ್ನೂ ಮೂಗಿನಲ್ಲಿತ್ತೋ ಏನೋ, ಗಜಾನನ ತಿರುಗಿ ಅವನನ್ನೇ ನೋಡಿದ.

ಬಸ್ಸು ತಿರುವಿನಲ್ಲಿ ವಾಲಿದಾಗ ಗಜಾನನ ಜೇಬಿನ ಮೇಲೆ ಕೈ ಇಟ್ಟುಕೊಂಡ. ಧರ್ಮೇಶ ಅದನ್ನು ನೋಡಿದ. ಧರ್ಮೇಶ ನೋಡಿದ್ದನ್ನು ಗಜಾನನ ನೋಡಿದ.

“ಜೋಪಾನ ಗಜಾನನಣ್ಣ, ಚುಚ್ಚೀತು.”

“ಇದು ಚುಚ್ಚೋ ಜಾತಿ ಅಲ್ಲ.” ಸ್ವಲ್ಪ ದೂರ ಹೋದ ಮೇಲೆ ಗಜಾನನ ಕೇಳಿದ, “ನಿಂಗೆ ಸಾವ್ಕಾರ್ರ ದನಿ ಬತ್ತಾ?”

“ಛೆ. ದೊಡ್ಡವರದ್ದು ಮಾಡಬಾರ್ದು.”

“ಮಾಡಬೇಡ. ಅದು ಕಷ್ಟ. ಬರೀ ಗಂಟಲಿಂದ ಬರೋದಲ್ಲ ಅದು.”

ಊರು ಬಂದಾಗ ಇಬ್ಬರೂ ಒಟ್ಟಿಗೇ ಇಳಿದು ಮರುಳಸಿದ್ದಪ್ಪನವರ ಜಗಲಿ ಹತ್ತಿದರು.

ವೀರಬಸಮ್ಮ ಬೆಳಿಗ್ಗೆಯಷ್ಟೇ ತವರಿನಿಂದ ಬಂದಿದ್ದರು. “ಬನ್ನಿ ಬನ್ನಿ, ಏನು ಇಬ್ಬರೂ ಜೊತೆಗೇ? ನಮ್ಮನೆಯವ್ರು ನಾನು ಬಂದಾಗಿನಿಂದ ಊಟ ಬಿಟ್ಟೋರ ಹಾಗೆ ಕೂತಿದ್ದಾರೆ, ಕೇಳಿದ್ರೆ ಹೇಳಲ್ಲ,” ಎಂದು ಒಳಗೆ ಹೊರಟರು. ಗಜಾನನ ಅವರನ್ನು ನಿಲ್ಲಿಸಿ ಜೇಬಿನ ಪೊಟ್ಟಣ ತೆಗೆದು ಕೊಟ್ಟ. ಧರ್ಮೇಶ ಕತ್ತು ಚಾಚಿದ. ವೀರಬಸಮ್ಮ ಮಡಿಕೆ ಬಿಡಿಸಿ ನೋಡಿದರು. ಒಳಗೆ ಕೆಂಪು ಪುಡಿ.

“ನೋಡಿ!” ಎಂದ ಧರ್ಮೇಶ, ತಡೆಯಲಾರದೆ. “ನೋಡಿ ಸಾವ್ಕಾರ್ರೇ, ಕೆಂಪು!”

“ಕುಂಕುಮ ಕೆಂಪಗಿರದೆ ಹಸಿರಾಗಿರ್ತದಾ?” ಎಂದು ವೀರಬಸಮ್ಮ ಒಳಗೆ ಹೋದರು.

ಮರುಳಸಿದ್ದಪ್ಪನವರಿಗೆ ಕೆಂಪೂ ಕಾಣಲಿಲ್ಲ, ಹಸಿರೂ ಕಾಣಲಿಲ್ಲ. ಅವರ ಎದುರಿನ ಟೀಪಾಯಿಯ ಮೇಲೆ ಜೋಡಿಮೀನು ಅಲಗು ಚಾಚಿ ಮಲಗಿತ್ತು. ಅವರು ಅದನ್ನು ತಡವಿ ಎತ್ತಿಕೊಂಡು ಮಡಚಿದರು. ಠಕ್.

“ಗಜಾನನ, ಇದು ನೀನು ವಾಪಸ್ ಕೊಟ್ಟ ಚಾಕುವೇನಾ?”

ಕೊನೆಗೂ ಕೇಳಿಯೇಬಿಟ್ಟರು. ಗಜಾನನ ಕಣ್ಣು ಮುಚ್ಚಿಕೊಂಡ.

“ಇನ್ನೊಂದ್ಸಲ.”

ಠಕ್.

“ಇದು ಅದರ ದನಿ ಅಲ್ಲ,” ಎಂದ ಗಜಾನನ.

“ಒಪ್ಪಿಕೊಂಡ್ರಲ್ಲ!” ಎಂದ ಧರ್ಮೇಶ.

“ದನಿ ಅಲ್ಲ ಅಂದೆ. ಚಾಕು ಅಲ್ಲ ಅಂದ್ನಾ?”

“ಸಂದಿಯಲ್ಲಿ ಪಾಲಿಶ್ ಪುಡಿ ಇದೆ ಗಜಾನನಣ್ಣ. ಕೆಂಪು ಪುಡಿ. ಅಲಗು ಬದಲಾಗಿದೆ. ನಿಮ್ಮ ಹತ್ರ ಬಿಟ್ರೆ ಇದು ಎಲ್ಲಿಗೂ ಹೋಗಿಲ್ಲ. ನಾನು ಹೇಳ್ತಿಲ್ಲ, ಸಾಕ್ಷಿ ಹೇಳ್ತಿದೆ.”

ಗಜಾನನ ಧರ್ಮೇಶನ ಕಡೆ ನೋಡಲೇ ಇಲ್ಲ. “ಸಾವ್ಕಾರ್ರೇ, ನೀವೂ ಹೀಗೇ ಅಂದುಕೊಂಡಿದ್ದಾ?”

ಮರುಳಸಿದ್ದಪ್ಪ ಅಲಗು ಬಿಚ್ಚಿದರು. ಏನೋ ಹೇಳಲು ಬಾಯಿ ತೆರೆದರು. ಬಾಯಿ ಚಾಕುವಿನದೂ ತೆರೆದಿತ್ತು, ಅವರದೂ ತೆರೆದಿತ್ತು, ಮಾತು ಎರಡರಿಂದಲೂ ಬರಲಿಲ್ಲ. ಚಾಕುವನ್ನು ಟೀಪಾಯಿಯ ಮೇಲಿಟ್ಟರು. ಗಜಾನನ ಚಪ್ಪಲಿಯ ಕಡೆ ತಿರುಗಿದ.

ಅಷ್ಟರಲ್ಲಿ ವೀರಬಸಮ್ಮ ಒಂದು ತಟ್ಟೆಯಲ್ಲಿ ಲೋಟಗಳು, ಸಕ್ಕರೆ ಡಬ್ಬಿ, ಎರಡು ನಿಂಬೆಹಣ್ಣು ಇಟ್ಟುಕೊಂಡು ಬಂದರು. “ಬಿಸಿಲಲ್ಲಿ ಬಂದವ್ರು ಒಂದು ಲೋಟ ಶರಬತ್ತಾದ್ರೂ ಕುಡೀರಿ, ಆಮೇಲೆ ಜಗಳ ಆಡಿ,” ಎಂದು ಕೂತು, ಟೀಪಾಯಿಯ ಮೇಲಿದ್ದ ಜೋಡಿಮೀನನ್ನೇ ಎತ್ತಿಕೊಂಡು ನಿಂಬೆಹಣ್ಣನ್ನು ಎರಡು ಹೋಳು ಮಾಡಿದರು.

ಮೂವರೂ ಒಟ್ಟಿಗೆ ಕೂಗಿದರು. ಧರ್ಮೇಶನಿಗೆ ಬರುವ ದನಿಗಳಲ್ಲಿ ಅಂಥದೊಂದು ಇರಲಿಲ್ಲ.

“ಹುಳಿ! ಹುಳಿ ಬಿತ್ತು ಉಕ್ಕಿಗೆ!” ಎಂದು ಮರುಳಸಿದ್ದಪ್ಪ ಎದ್ದು ನಿಂತರು.

“ಅಯ್ಯೋ, ಎಂತ ಕೂಗು! ಚಾಕು ಇರೋದು ಕೊಯ್ಯಕ್ಕಲ್ದೆ ಮತ್ತೆಂತಕ್ಕೆ? ಹಬ್ಬದ ದಿನ ನಾನೇ ತಿಕ್ಕಿ ತಿಕ್ಕಿ ಕೈ ಸೋತು ಹೋಯ್ತು.”

ನಿಂಬೆರಸ ಅಲಗಿನಿಂದ ಜಾರಿ ಸಂದಿಗೆ ಇಳಿಯುತ್ತಿತ್ತು.

“ಏನಂದೆ?” ಎಂದರು ಮರುಳಸಿದ್ದಪ್ಪ.

“ನೀವು ಅಂಗಡಿ ಪೂಜೆಗೆ ಹೋಗಿದ್ರಲ್ಲ. ಮನೆ ಆಯುಧಕ್ಕೆ ಯಾರು ಪೂಜೆ ಮಾಡ್ಬೇಕು? ಈಳಿಗೆಮಣೆ, ಅಡಕತ್ತರಿ, ಕುಡುಗೋಲು ಎಲ್ಲ ತೊಳೆದೆ. ಬೀರುವಿಗೆ ಬೀಗ, ಇದೊಂದು ಮೇಜಿನ ಮೇಲಿತ್ತು. ಮಸಿ ಹಿಡಿದು ಹೋಗಿತ್ತು ಪಾಪ. ಹುಣಸೆಹಣ್ಣು ಹಚ್ಚಿ ಬೂದಿ ಹಾಕಿ ತಿಕ್ಕಿದೆ. ಮುಚ್ಚಿದ್ರೆ ಕಿರ್ರ್ ಅಂತಿತ್ತು, ಕೊಬ್ಬರಿ ಎಣ್ಣೆ ಬಿಟ್ಟೆ. ವಿಭೂತಿ ಇಟ್ಟು, ಕುಂಕುಮ ಹಚ್ಚಿ, ಹೂವು ಏರಿಸಿ, ಆಮೇಲೆ ಒರೆಸಿ ಅದರ ಬಟ್ಟೆಯಲ್ಲೇ ಸುತ್ತಿ ಅಲ್ಲೇ ಇಟ್ಟೆ. ಮಾರನೇ ದಿನ ಊರಿಗೆ ಹೋದೆ. ಯಾಕೆ, ತಪ್ಪಾಯ್ತಾ?”

ಗಜಾನನ ಬಾಗಿಲಿನಿಂದ ಮರಳಿ ಬಂದು ಬಗ್ಗಿ ಚಾಕು ನೋಡಿದ. “ಧರ್ಮೇಶ, ನಿನ್ನ ಸಾಕ್ಷಿ ಯಾವ ಬಣ್ಣ ಅಂದೆ?”

ಧರ್ಮೇಶ ಭೂತಕನ್ನಡಿ ಹಿಡಿದ. ರಸ ಮುಟ್ಟಿದ ಕಡೆಯೆಲ್ಲ ಸಂದಿಯ ಕೆಂಪು ಹಳದಿಗೆ ತಿರುಗಿತ್ತು. ನಿಂಬೆ ಹೋಳಿನ ಅಂಚಿಗೂ ಅಷ್ಟು ಹಳದಿ ಮೆತ್ತಿತ್ತು.

“ಹಳದಿ,” ಎಂದ ಮೆಲ್ಲಗೆ.

“ಪಾಲಿಶ್ ಪುಡಿಗೆ ಎಷ್ಟು ಹುಳಿ ಹಿಂಡಿದ್ರೂ ಕೆಂಪೇ. ನಾನು ಯಾವಾಗ್ಲೂ ಈ ಅಮ್ಮನಿಗೆ ತಂದುಕೊಡೋದು ಅರಿಸಿನಕ್ಕೆ ಸುಣ್ಣ ಹಾಕಿ ಮಾಡಿದ ಕುಂಕುಮ. ಹುಳಿ ಬಿದ್ರೆ ವಾಪಸ್ ಅರಿಸಿನ.” ಗಜಾನನ ಉಸಿರು ಬಿಟ್ಟ. “ಪುಡಿ ನನ್ನ ಅಂಗಡೀದೇ ಮಾರಾಯ. ಅದೊಂದು ಸರಿಯಾಗಿ ಹಿಡಿದೆ ನೀನು.”

ಮರುಳಸಿದ್ದಪ್ಪ ಪಂಚೆಯ ತುದಿಯಿಂದ ಅಲಗನ್ನು ಒರೆಸುತ್ತ ಕೂತರು, ಕಾಲಿಗೆ ಗಾಯವಾದ ಕರುವನ್ನು ಒರೆಸುವ ಹಾಗೆ. ನೂರು ವರ್ಷ ಕೂತು ಬಂದಿದ್ದ ಕಪ್ಪು ಒಂದು ಬೆಳಗಿನಲ್ಲಿ ಹೋಗಿತ್ತು. ಹೆಂಡತಿಗೆ ಬೈಯಲು ಅವರು ಬಾಯಿ ತೆರೆಯಲಿಲ್ಲ. ಪೂಜೆ ಮಾಡಿಸಿಕೊಂಡು ಸತ್ತ ಚಾಕು ಅದೊಂದೇ ಇರಬೇಕು.

“ಗಜಾನನ, ನಾನು ನಿನ್ನ…”

“ಸಂಶಯ ಪಟ್ರಿ.”

“ಪಟ್ಟೆ.”

“ಫೋನ್ ಮಾಡಿ ಕೇಳಬಹುದಿತ್ತಲ್ಲ.”

“ಎರಡು ಸಲ ಫೋನ್ ಎತ್ತಿದೆ. ಇದನ್ನ ಕೇಳಿಸಿದ್ರೆ ನೀನು ಏನು ಹೇಳ್ತೀಯೋ ಅಂತ ಧೈರ್ಯ ಬರ್ಲಿಲ್ಲ ಮಾರಾಯ. ಇಟ್ಟುಬಿಟ್ಟೆ.”

ಗಜಾನನ ಕುರ್ಚಿ ಎಳೆದುಕೊಂಡು ಕೂತ. ಬಂದಾಗಿನಿಂದ ಅವನು ಕೂತಿದ್ದು ಆಗಲೇ. “ಹಾಗೆ ಬನ್ನಿ. ನಿನ್ನೆ ನನಗೊಂದು ಫೋನ್ ಬಂತು. ನಿಮ್ಮದೇ ಗಂಟಲು, ನಿಮ್ಮದೇ ಹ್ಞೂಂ. ಮುದ್ರೆ ಎಲ್ಲ ಸರಿಯಾಗೇ ಬಿದ್ದಿತ್ತು.”

ಧರ್ಮೇಶ ಶರಬತ್ತಿಲ್ಲದ ಲೋಟವನ್ನು ಎತ್ತಿ ಕುಡಿದ.

“ನಾನು ಮಾಡಿಲ್ವಲ್ಲ,” ಎಂದರು ಮರುಳಸಿದ್ದಪ್ಪ.

“ಗೊತ್ತು. ನೀವು ಯಾವತ್ತು ಹಲೋ ಅಂದಿದ್ದೀರಿ? ನಾನು ಫೋನ್ ಎತ್ತಿದ ಕೂಡ್ಲೇ ನಿಮ್ಮ ಕೈಲಿರೋ ಚಾಕು ಒಂದ್ಸಲ ಮುಚ್ಚಿ ಕೇಳಿಸ್ತೀರಿ. ಯಾವುದು ಅಂತ ನಾ ಹೇಳಿದ ಮೇಲೆ ತಾನೇ ನಮ್ಮ ಮಾತು ಶುರು? ನಾನು ಸದ್ದಿಗೆ ಕಾಯ್ತಾ ನಿಂತೆ. ಬರ್ಲೇ ಇಲ್ಲ. ಕೊನೆಗೆ ಯಾವುದೋ ನಕಲಿ ಅಂತ ತಿಳ್ಕೊಂಡು, ನಾಳೆ ಬತ್ತೆ ಅಂತ ಇಟ್ಟೆ.”

ಮರುಳಸಿದ್ದಪ್ಪನವರ ಮಸುಕು ಕಣ್ಣುಗಳು ಧರ್ಮೇಶ ಕೂತಿದ್ದ ದಿಕ್ಕಿಗೆ ತಿರುಗಿದವು. ಚಾಕುವನ್ನು ಗಜಾನನನ ಕಡೆ ಚಾಚಿದರು.

“ಕೈಗೆ ಕೊಡಬೇಡಿ!” ಎಂದರು ವೀರಬಸಮ್ಮ, ನಿಂಬೆ ಹಿಂಡುತ್ತ. “ಚಾಕು ಕೈಯಿಂದ ಕೈಗೆ ಕೊಟ್ರೆ ಜಗಳ ಆಗ್ತದೆ ಅಂತ ಎಷ್ಟು ಸಲ ಹೇಳ್ಬೇಕು? ಕೆಳಗಿಡಿ, ಅವ್ರು ತಗೊಳ್ತಾರೆ.”

ಇಷ್ಟು ವರ್ಷ ಈ ಮಾತಿಗೆ ಇಬ್ಬರೂ ನಕ್ಕು ಕೈಯಿಂದ ಕೈಗೇ ಕೊಟ್ಟುಕೊಂಡಿದ್ದರು. ಅಂದು ಮರುಳಸಿದ್ದಪ್ಪ ಚಾಕುವನ್ನು ಟೀಪಾಯಿಯ ಮೇಲಿಟ್ಟು ಕೈ ಹಿಂದೆ ತೆಗೆದುಕೊಂಡರು. ಗಜಾನನ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಅವನು ಎತ್ತಿಕೊಳ್ಳುತ್ತಾನೋ ಇಲ್ಲವೋ ಎಂದು ಮರುಳಸಿದ್ದಪ್ಪ ಕಿವಿ ಚಾಚಿ ಕೂತಿದ್ದರು.

ಗಜಾನನ ಎತ್ತಿಕೊಂಡ. ಹೆಬ್ಬೆರಳಿನಿಂದ ಕೊಂಬಿನ ಹಿಡಿ ಸವರಿ, ಅವರ ಕಿವಿಯ ಹತ್ತಿರ ಹಿಡಿದು ಮಡಚಿದ.

ಠಕ್.

“ಯಾವುದು ಹೇಳಿ ಸಾವ್ಕಾರ್ರೇ.”

“ಜೋಡಿಮೀನು,” ಎಂದರು ಮರುಳಸಿದ್ದಪ್ಪ. “ಹೊಸ ದನಿ.”

“ಅದೂ ಹೌದು,” ಎಂದ ಗಜಾನನ, ಧರ್ಮೇಶನ ಕಡೆ ತಿರುಗಿ. “ಠಕ್ ಠಕ್ ಅಂತ ಯಾರನ್ನೋ ಹೆಸರು ಹಿಡಿದು ಕರೀತಿದೆ ಮಾಣಿ. ಓಗೊಡು.”